ಸಭಾಕಂಪವೂ ಒಡನಾಟವೂ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೆನ್ರಿ ಕ್ಯಾವೆಂಡಿಷ್ ಎಂಬ ವಿಜ್ಞಾನಿಯಿದ್ದನು. ಜಲಜನಕವು ಒಂದು ಪ್ರತ್ಯೇಕ ಅನಿಲವೆಂಬುದನ್ನು ೧೭೬೬ರಲ್ಲಿ ತೋರಿಸಿಕೊಟ್ಟವನು ಈತನೇ. ತಂತಿಯಿಂದ ತೂಗುಹಾಕಿದ ದಂಡವನ್ನೂ ಸೀಸದ ಗುಂಡುಗಳನ್ನೂ ಬಳಸಿ ೧೭೯೭–೯೮ರಲ್ಲಿ ಭೂಮಿಯ ಸಾಂದ್ರತೆಯನ್ನು ಅಳೆದವನೂ ಈತನೇ. ಇಂಥ ಧೀಮಂತನಿಗೆ ಮನುಷ್ಯರ ಮುಖ ನೋಡಿ ಮಾತನಾಡುವುದೆಂದರೆ ಪ್ರಾಣಸಂಕಟ. ರಾತ್ರಿಯ ಊಟಕ್ಕೆ ಏನು ಬೇಕೆಂಬುದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟು ಹೋಗುತ್ತಿದ್ದನು. ಮನೆಗೆಲಸದ ಹೆಂಗಸರು ತನ್ನ ಕಣ್ಣಿಗೆ ಬೀಳಕೂಡದೆಂದು ಕಟ್ಟಪ್ಪಣೆ ಮಾಡಿದ್ದನು. ಅವನ ಬಾಯಿಂದ ಒಂದು ಮಾತು ಹೊರಡಬೇಕಾದರೆ ಅವನ ಕಡೆ ನೋಡಲೇಬಾರದು, ಬಯಲಿಗೆ ಹೇಳಿಕೊಂಡಂತೆ ಹೇಳಿ ಸುಮ್ಮನೆ ಕಾದಿರಬೇಕು ಎಂದು ಆ ಕಾಲದ ವಿಜ್ಞಾನಿಗಳು ಹೊಸಬರಿಗೆ ಬುದ್ಧಿ ಹೇಳುತ್ತಿದ್ದರಂತೆ.

ಈ ಮೌನದ ಬೆಲೆಯನ್ನು ತೆತ್ತದ್ದು ಭೌತಶಾಸ್ತ್ರ. ವಿದ್ಯುದಾವೇಶಗಳ ನಡುವಣ ಬಲವು ದೂರದ ವರ್ಗಕ್ಕೆ ವಿಲೋಮವಾಗಿರುವುದೆಂಬ ನಿಯಮವನ್ನು ನಾವು ಇಂದು ಕೂಲಂಬನ ಹೆಸರಿನಿಂದ ಕರೆಯುತ್ತೇವೆ. ಕೂಲಂಬನು ಅದನ್ನು ಸಾರಿದ್ದು ೧೭೮೫ರಲ್ಲಿ. ಅದಕ್ಕೆ ಹತ್ತು ವರ್ಷಗಳಿಗೂ ಮೊದಲೇ ಕ್ಯಾವೆಂಡಿಷನು ಅದನ್ನು ಪ್ರಯೋಗದಿಂದ ಕಂಡುಕೊಂಡಿದ್ದನು. ೧೮೨೭ರಲ್ಲಿ ಓಮನು ಪ್ರಕಟಿಸಿದ ನಿಯಮದ ಸುಳಿವೂ ಅವನಿಗೆ ಸಿಕ್ಕಿತ್ತು. ವಿದ್ಯುತ್ ಪ್ರವಾಹದ ಮಾಪಕಗಳಿಲ್ಲದ ಆ ದಿನಗಳಲ್ಲಿ ತನ್ನ ಮೈಗೆ ತಗಲಿದ ಆಘಾತದ ತೀವ್ರತೆಯನ್ನೇ ಅಳತೆಗೋಲನ್ನಾಗಿ ಮಾಡಿಕೊಂಡು ಅವನು ಈ ಎರಡನೆಯ ಫಲಿತಾಂಶವನ್ನು ಪಡೆದಿದ್ದನು. ಆದರೆ ಯಾರಿಗೂ ಹೇಳಲಿಲ್ಲ. ಆ ಹಾಳೆಗಳು ಬೆಳಕು ಕಂಡದ್ದು ಅವನು ತೀರಿಕೊಂಡು ಸುಮಾರು ಎಪ್ಪತ್ತು ವರ್ಷಗಳಾದ ಮೇಲೆ, ೧೮೭೯ರಲ್ಲಿ, ಮ್ಯಾಕ್ಸ್‌ವೆಲನು ಅವನ್ನು ಸಂಪಾದಿಸಿ ಅಚ್ಚು ಹಾಕಿಸಿದಾಗ. ಇದಕ್ಕೆಲ್ಲ ಸಂಕೋಚವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಮಾಡಿದ ಕೆಲಸ ಇನ್ನೂ ಪೂರ್ಣವಾಗಲಿಲ್ಲವೆಂಬ ಅತೃಪ್ತಿಯೂ ಅವನಲ್ಲಿ ಬಲವಾಗಿತ್ತು. ಆದರೂ ತನ್ನ ಕೆಲಸವನ್ನು ನಾಲ್ವರ ಮುಂದಿಟ್ಟು ಚರ್ಚಿಸುವ ಸ್ವಭಾವ ಅವನದಾಗಿದ್ದರೆ ಶಾಸ್ತ್ರವು ಅಷ್ಟು ಕಾಲ ಕಾಯಬೇಕಾಗಿರಲಿಲ್ಲ.

ಆದರೆ ಅವನ ಬಾಳಿನ ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಜನರಿಂದ ಇಷ್ಟು ದೂರ ಓಡುತ್ತಿದ್ದ ಈತನೇ ರಾಯಲ್ ಸೊಸೈಟಿಯ ಸದಸ್ಯರು ವಾರಕ್ಕೊಮ್ಮೆ ಕೂಡಿ ಊಟಮಾಡುತ್ತಿದ್ದ ಕೂಟಕ್ಕೆ ದಶಕಗಳ ಕಾಲ ತಪ್ಪದೆ ಹೋಗುತ್ತಿದ್ದನು. ಅದೇ ವಾರ, ಅದೇ ಮೇಜು, ಅದೇ ಮುಖಗಳು. ಅವನು ಮಾತನಾಡುತ್ತಿದ್ದ ಸ್ಥಳವೆಂದರೆ ಅದೊಂದೇ ಎಂದರೂ ತಪ್ಪಾಗದು. ಅಪರಿಚಿತರಲ್ಲಿ ಬಾಯಿಬಿಡದವನು ಅಲ್ಲಿ ಬಾಯಿಬಿಡುತ್ತಿದ್ದುದಕ್ಕೆ ಕಾರಣವೇನು? ಈ ಪ್ರಶ್ನೆಗೆ ಮನಶ್ಶಾಸ್ತ್ರಜ್ಞರೂ ನರವಿಜ್ಞಾನಿಗಳೂ ಕಳೆದ ಒಂದು ಶತಮಾನದಲ್ಲಿ ಕೊಟ್ಟಿರುವ ಉತ್ತರವು ನಮ್ಮ ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತವಾದುದು.

ಏಕೆಂದರೆ, ಕ್ಯಾವೆಂಡಿಷನ ಬುದ್ಧಿಯನ್ನು ಪಡೆದವರು ನಮ್ಮ ಕಾಲೇಜುಗಳಲ್ಲಿ ಎಷ್ಟು ಮಂದಿಯೋ ಹೇಳಲಾರೆವು. ಅವನ ಸಂಕೋಚವನ್ನು ಪಡೆದವರಂತೂ ಪ್ರತಿಯೊಂದು ತರಗತಿಯಲ್ಲಿಯೂ ಇದ್ದಾರೆ. ಹಳ್ಳಿಯ ಪ್ರೌಢಶಾಲೆಯಲ್ಲಿ ಮೊದಲಿಗನಾಗಿದ್ದ ಹುಡುಗನು ಪಟ್ಟಣದ ಕಾಲೇಜಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಎರಡನೆಯ ವಾರದಲ್ಲಿ ಒಂದು ಸಂದೇಹ ಹುಟ್ಟುತ್ತದೆ. ಎದ್ದು ಕೇಳಿದರೆ ಇತರರು ನಕ್ಕಾರು; ಇಂಗ್ಲಿಷಿನಲ್ಲಿ ಕೇಳಬೇಕಲ್ಲ ಎಂಬ ಅಳುಕು ಬೇರೆ. ಕೇಳುವುದಿಲ್ಲ. ಆ ಸಂದೇಹದ ಮೇಲೆಯೇ ಮುಂದಿನ ಪಾಠಗಳು ನಿಂತಿರುವುದರಿಂದ ಮೂರನೆಯ ತಿಂಗಳಿಗೆ ಇಡೀ ವಿಷಯವೇ ಕೈತಪ್ಪಿರುತ್ತದೆ. ಪ್ರಯೋಗ ಪರೀಕ್ಷೆಯಲ್ಲಿ ಲೋಲಕದ ಲೆಕ್ಕವನ್ನು ತಪ್ಪಿಲ್ಲದೆ ಮಾಡಿಟ್ಟ ವಿದ್ಯಾರ್ಥಿನಿಯೊಬ್ಬಳು, ತೂಗಾಟದ ಪಾರ ಚಿಕ್ಕದಾಗಿರಬೇಕೇಕೆ ಎಂಬ ಸರಳ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ನೆಲ ನೋಡುತ್ತ ನಿಲ್ಲುವುದನ್ನು ಕಾಣದ ಅಧ್ಯಾಪಕರಿಲ್ಲ. ಹಾಸ್ಟೆಲಿನಲ್ಲಿ ಒಬ್ಬನೇ ಉಂಡು, ಪ್ರತಿ ಶನಿವಾರ ಮಧ್ಯಾಹ್ನ ಊರಿನ ಬಸ್ಸು ಹತ್ತಿ, ದಸರೆ ರಜೆ ಮುಗಿಯುವಷ್ಟರಲ್ಲಿ ಟಿ.ಸಿ. ಕೇಳಲು ಬರುವವರೂ ಉಂಟು. ಪಾಠ ಕಷ್ಟವಾಯಿತೆಂದು ಅವರು ಹೇಳುತ್ತಾರೆ. ಹಲವು ಸಲ ಕಷ್ಟವಾದುದು ಪಾಠವಲ್ಲ.

ಹಾಗಾದರೆ ಈ ಸಭಾಕಂಪವೆಂದರೇನು? ಹತ್ತು ಜನರ ಕಣ್ಣು ತನ್ನ ಮೇಲಿದೆ ಎಂದು ತಿಳಿದೊಡನೆ ಮಿದುಳು ಅದನ್ನು ಒಂದು ಅಪಾಯವೆಂದು ಭಾವಿಸುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಗುಂಡಿಗೆ ವೇಗವಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿದು ಕೈ ನಡುಗುತ್ತದೆ, ಜೊಲ್ಲು ಬತ್ತಿ ನಾಲಿಗೆ ಅಂಗಳಕ್ಕೆ ಅಂಟುತ್ತದೆ, ಅಂಗೈ ಬೆವರುತ್ತದೆ. ಹೋರಾಡುವುದಕ್ಕೋ ಓಡಿಹೋಗುವುದಕ್ಕೋ ದೇಹವು ಮಾಡಿಕೊಳ್ಳುವ ಈ ಸಿದ್ಧತೆಯನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ವಿವರಿಸಿದನು. ಕಾಡಿನಲ್ಲಿ ಚಿರತೆ ಎದುರಾದರೆ ಇದು ಉಪಕಾರಿ. ತರಗತಿಯಲ್ಲಿ ಓಮನ ನಿಯಮವನ್ನು ಹೇಳಲು ಎದ್ದುನಿಂತವನಿಗೆ ಇದರಿಂದ ಪ್ರಯೋಜನವಿಲ್ಲ. ಆದರೆ ಇದು ರೋಗವೂ ಅಲ್ಲ, ಹೇಡಿತನವೂ ಅಲ್ಲ. ಆರೋಗ್ಯವಂತ ದೇಹವು ತನ್ನ ಕೆಲಸವನ್ನು ಸ್ಥಳ ತಪ್ಪಿ ಮಾಡುತ್ತಿದೆ, ಅಷ್ಟೆ.

ಕಂಪನ ಬಂದಾಗ ನಾವು ಸಾಮಾನ್ಯವಾಗಿ ಮಾಡುವುದೇನು? ಆ ಸ್ಥಳದಿಂದ ಜಾರಿಕೊಳ್ಳುತ್ತೇವೆ. ಜಾರಿಕೊಂಡ ಮರುಕ್ಷಣವೇ ಎದೆ ಹಗುರವಾಗುತ್ತದೆ. ಆ ಹಗುರವೇ ಮಿದುಳಿಗೆ ಒಂದು ಬಹುಮಾನ. “ಓಡಿಬಂದದ್ದರಿಂದ ಬದುಕಿದೆ” ಎಂಬ ಪಾಠವನ್ನು ಅದು ಕಲಿತುಬಿಡುತ್ತದೆ. ಅಲ್ಲಿ ಚಿರತೆಯೇ ಇರಲಿಲ್ಲವೆಂಬುದನ್ನು ಕಲಿಯಲು ಅದಕ್ಕೆ ಅವಕಾಶವೇ ದೊರೆಯುವುದಿಲ್ಲ. ಮುಂದಿನ ಸಲ ಅಳುಕು ಇನ್ನಷ್ಟು ಹೆಚ್ಚು. ಧೈರ್ಯ ಬಂದ ಮೇಲೆ ಜನರೊಡನೆ ಬೆರೆಯುತ್ತೇನೆಂದು ಕಾದು ಕುಳಿತವನಿಗೆ ಧೈರ್ಯವು ಬಾರದೆ ಇರುವುದಕ್ಕೆ ಇದೇ ಕಾರಣ. ಅವನು ಕಾರ್ಯಕಾರಣಗಳನ್ನು ತಿರುಗುಮುರುಗು ಮಾಡಿಕೊಂಡಿದ್ದಾನೆ. ಬೆರೆಯುವುದು ಕಾರಣ, ಧೈರ್ಯವು ಅದರ ಕಾರ್ಯ.

ಇದನ್ನು ಅತ್ಯಂತ ಸರಳವಾಗಿ ತೋರಿಸಿಕೊಟ್ಟ ಪ್ರಾಣಿಯೊಂದುಂಟು. ಅಪ್ಲಿಸಿಯ ಎಂಬುದು ಬಸವನಹುಳುವಿನ ಬಳಗಕ್ಕೆ ಸೇರಿದ ಕಡಲಜೀವಿ. ಅದರ ನೀರುಗೊಳವೆಯನ್ನು ಮೆಲ್ಲನೆ ಮುಟ್ಟಿದರೆ ಅದು ಕಿವಿರನ್ನು ಥಟ್ಟನೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ, ಈ ಸ್ಪರ್ಶದಿಂದ ಕೇಡಿಲ್ಲವೆಂದು ತಿಳಿದಂತೆ, ಎಳೆತವು ಕ್ರಮೇಣ ಕಡಮೆಯಾಗುತ್ತದೆ. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿಯೂ ಅವನ ಸಹೋದ್ಯೋಗಿಗಳೂ ೧೯೭೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಸ್ವಾರಸ್ಯವಾದ ಅಂಶ ಕಂಡುಬಂದಿತು. ಒಂದೇ ಬಾರಿಗೆ ನಲವತ್ತು ಸಲ ಮುಟ್ಟಿದುದರ ಪರಿಣಾಮವು ಬೇಗನೆ ಅಳಿಸಿಹೋಗುತ್ತಿತ್ತು. ಅದೇ ನಲವತ್ತನ್ನು ದಿನಕ್ಕೆ ಹತ್ತರಂತೆ ನಾಲ್ಕು ದಿನಗಳಿಗೆ ಹಂಚಿದರೆ ಅಭ್ಯಾಸವು ವಾರಗಟ್ಟಲೆ ಉಳಿಯುತ್ತಿತ್ತು. ಈ ಹುಳುವಿನ ನೆನಪಿನ ಅಧ್ಯಯನಕ್ಕಾಗಿ ಕ್ಯಾಂಡೆಲನು ೨೦೦೦ದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದನು. ಮನುಷ್ಯನ ಅಂಜಿಕೆಯು ಹುಳುವಿನ ಕಿವಿರಿನಷ್ಟು ಸರಳವಲ್ಲವೆಂಬುದನ್ನು ಒಪ್ಪೋಣ. ಆದರೆ ಹಂಚಿ ಮಾಡಿದ ಅಭ್ಯಾಸವೇ ನಿಲ್ಲುವುದು ಎಂಬ ಮಾತು ಮನುಷ್ಯನ ಕಲಿಕೆಗೂ ಅನ್ವಯಿಸುತ್ತದೆ. ವರ್ಷಕ್ಕೊಂದು ವಾರ್ಷಿಕೋತ್ಸವದಲ್ಲಿ ಮೈಯೆಲ್ಲ ಬೆವರಿ ಭಾಷಣ ಮಾಡುವುದಕ್ಕಿಂತ, ದಿನಕ್ಕೊಂದು ಸಣ್ಣ ಮಾತು ಫಲಕಾರಿ.

ಸಣ್ಣದರಿಂದ ಆರಂಭಿಸುವುದಕ್ಕೂ ಆಧಾರವಿದೆ. ಮೇರಿ ಕವರ್ ಜೋನ್ಸ್ ಎಂಬಾಕೆ ೧೯೨೪ರಲ್ಲಿ ಮೊಲವನ್ನು ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಪುಟ್ಟ ಬಾಲಕನ ವಿಷಯವನ್ನು ಪ್ರಕಟಿಸಿದಳು. ಬಾಲಕನು ತನಗಿಷ್ಟವಾದ ತಿಂಡಿಯನ್ನು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೂ ತುಸುತುಸುವೇ ಹತ್ತಿರ ತಂದಳು. ಕೊನೆಗೆ ಪೀಟರನು ಮೊಲದೊಡನೆ ಆಡತೊಡಗಿದನು. ಮೊದಲ ದಿನವೇ ಮೊಲವನ್ನು ತೊಡೆಯ ಮೇಲೆ ಎಸೆದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. “ಎದ್ದು ಬಂದು ಮಾತನಾಡು” ಎಂದು ಸಂಕೋಚದ ಹುಡುಗನನ್ನು ವೇದಿಕೆಗೆ ನೂಕುವ ಅಧ್ಯಾಪಕರು ಈ ಮೊಲವನ್ನು ನೆನೆಯಬೇಕು.

ಸಂಕೋಚವುಳ್ಳವನಿಗೆ ಇನ್ನೊಂದು ತೊಡಕುಂಟು. ನಮ್ಮ ಪ್ರಯೋಗಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಅವನ ಸ್ಕ್ರೂಗೇಜಿನಲ್ಲಿ ಶೂನ್ಯದೋಷವಿದೆ. ಎಲ್ಲ ಅಳತೆಗಳೂ ಒಂದೇ ದಿಕ್ಕಿಗೆ ತಪ್ಪುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ನಡೆದು ೨೦೦೦ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗೆ ಹಾಕಿಕೊಳ್ಳಲು ನಾಚಿಕೆಯಾಗುವಂಥ ಗಾಯಕನೊಬ್ಬನ ಚಿತ್ರವಿದ್ದ ಅಂಗಿಯನ್ನು ತೊಡಿಸಿ, ಇತರರು ಕುಳಿತಿದ್ದ ಕೋಣೆಗೆ ಕಳುಹಿಸಿದರು. ಅಂಗಿಯ ಚಿತ್ರವನ್ನು ಎಷ್ಟು ಮಂದಿ ಗುರುತಿಸಿದ್ದಾರು ಎಂದು ಕೇಳಿದಾಗ, ಹೆಚ್ಚು ಕಡಮೆ ಅರ್ಧದಷ್ಟು ಮಂದಿ ಎಂಬ ಉತ್ತರ ಬಂದಿತು. ನಿಜವಾಗಿ ಗುರುತಿಸಿದವರು ನೂರಕ್ಕೆ ಇಪ್ಪತ್ತೈದಕ್ಕಿಂತ ಕಡಮೆ. ಇತರರು ತಮ್ಮ ತಮ್ಮ ಅಂಗಿಯ ಚಿಂತೆಯಲ್ಲಿರುತ್ತಾರೆಂಬುದು ನಮಗೆ ಹೊಳೆಯುವುದೇ ಇಲ್ಲ!

ನಮ್ಮ ನಡುಕವು ನಮಗೆ ತೋರುವಷ್ಟು ಇತರರಿಗೆ ತೋರುವುದಿಲ್ಲವೆಂಬುದೂ ಪರೀಕ್ಷಿಸಿ ನೋಡಿದ ಸಂಗತಿ. ಅದಕ್ಕಿಂತ ಹೆಚ್ಚಾಗಿ, ಭಾಷಣಕ್ಕೆ ಮುಂಚೆ ಈ ಮಾತನ್ನು ತಿಳಿಸಿಹೇಳಿದ ವಿದ್ಯಾರ್ಥಿಗಳು ತಿಳಿಯದವರಿಗಿಂತ ಚೆನ್ನಾಗಿ ಮಾತನಾಡಿದರೆಂದು ೨೦೦೩ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬರಿಯ ತಿಳಿವಳಿಕೆಯೇ ಔಷಧವಾದುದಕ್ಕೆ ಇದು ಅಪೂರ್ವ ನಿದರ್ಶನ. ಮೂರನೆಯ ದೋಷವು ೨೦೧೮ರಲ್ಲಿ ಬೆಳಕಿಗೆ ಬಂದಿತು. ಇಬ್ಬರು ಅಪರಿಚಿತರು ಮಾತನಾಡಿ ಬೇರೆಯಾದ ಮೇಲೆ, ತಾನು ಆತನಿಗೆ ಅಷ್ಟಾಗಿ ಹಿಡಿಸಲಿಲ್ಲವೆಂದು ಇಬ್ಬರೂ ಎಣಿಸುತ್ತಾರೆ. ನಿಜವಾಗಿ ಇಬ್ಬರಿಗೂ ಇಬ್ಬರೂ ಹಿಡಿಸಿರುತ್ತಾರೆ. ಯೇಲ್ ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿ ಜೊತೆಯಾಗಿ ವಾಸಿಸುತ್ತಿದ್ದ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಈ ತಪ್ಪೆಣಿಕೆಯು ಹಲವು ತಿಂಗಳುಗಳ ಕಾಲ ಉಳಿದಿತ್ತಂತೆ. ನಿಮ್ಮ ಕೋಣೆಯ ಜೊತೆಗಾರನು ಬಿಗುಮಾನದವನೆಂದು ನೀವು ತಿಳಿದಿರುವಾಗ ಅವನೂ ನಿಮ್ಮ ವಿಷಯದಲ್ಲಿ ಅದನ್ನೇ ತಿಳಿದಿರಬಹುದು.

ಈಗ ನಮ್ಮ ದೇಶದ ಒಂದು ಉದಾಹರಣೆಯನ್ನು ನೋಡೋಣ. ಲಂಡನ್ನಿನಲ್ಲಿ ಬ್ಯಾರಿಸ್ಟರಿಗೆ ಓದುತ್ತಿದ್ದಾಗ ಗಾಂಧೀಜಿ ಅಲ್ಲಿಯ ಸಸ್ಯಾಹಾರಿ ಸಂಘದ ಕಾರ್ಯಸಮಿತಿಯಲ್ಲಿದ್ದರು. ಸಭೆಯಲ್ಲಿ ಹೇಳಬೇಕಾದುದನ್ನು ಬರೆದುಕೊಂಡು ಹೋಗಿಯೂ ಅದನ್ನು ಓದಲಾರದೆ, ಇನ್ನೊಬ್ಬರ ಕೈಯಲ್ಲಿ ಓದಿಸಬೇಕಾಯಿತು. ಭಾರತಕ್ಕೆ ಮರಳಿದ ಮೇಲೆ ಮುಂಬಯಿಯ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದುನಿಂತವರಿಗೆ ತಲೆ ಸುತ್ತಿ ಒಂದು ಪ್ರಶ್ನೆಯೂ ಹೊರಡಲಿಲ್ಲ; ಮೂವತ್ತು ರೂಪಾಯಿಯ ಮೊಕದ್ದಮೆಯನ್ನು ಬಿಟ್ಟುಕೊಟ್ಟು ಹೊರನಡೆದರು. ಇದೆಲ್ಲವನ್ನೂ ಅವರೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ೧೮೯೩ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದವರು ಪ್ರಿಟೋರಿಯ ನಗರದ ಭಾರತೀಯರನ್ನು ಒಂದು ಮನೆಯಲ್ಲಿ ಕೂಡಿಸಿ, ವ್ಯಾಪಾರದಲ್ಲಿ ಸತ್ಯ ಎಂಬ ವಿಷಯವಾಗಿ ಮಾತನಾಡಿದರು. ಅದೇ ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣವೆಂದು ಬರೆದಿದ್ದಾರೆ. ನಮಗೆ ಮುಖ್ಯವಾದುದು ಅದರ ಮುಂದಿನ ಸಂಗತಿ. ಅಂಥ ಸಭೆಗಳನ್ನು ಅವರು ಹೆಚ್ಚುಕಡಮೆ ಕ್ರಮವಾಗಿ ನಡೆಸಿಕೊಂಡು ಬಂದರು. ಕೆಲವೇ ದಿನಗಳಲ್ಲಿ ಆ ನಗರದಲ್ಲಿ ತಮಗೆ ಪರಿಚಯವಿಲ್ಲದ ಭಾರತೀಯನೇ ಇಲ್ಲವೆಂಬಂತಾಯಿತು. ಮುಂಬಯಿಯಲ್ಲಿ ನಾಲಿಗೆ ಕಟ್ಟಿದ್ದ ಮನುಷ್ಯನಿಗೆ ಪ್ರಿಟೋರಿಯದಲ್ಲಿ ಹೊಸ ನಾಲಿಗೆ ಬರಲಿಲ್ಲ. ಹೇಳಲೇಬೇಕಾದ ಒಂದು ವಿಷಯವಿತ್ತು. ಮತ್ತೆ ಮತ್ತೆ ಕೂಡುವ ಅದೇ ಜನರಿದ್ದರು.

ವಿಷಯದಲ್ಲಿ ಮನಸ್ಸು ನೆಟ್ಟರೆ ಅಂಜಿಕೆ ಸರಿದುಹೋಗುವುದೆಂಬುದಕ್ಕೆ ಭೌತಶಾಸ್ತ್ರಜ್ಞ ರಿಚರ್ಡ್ ಫೈನ್‌ಮನ್ನನ ಅನುಭವವೂ ಸಾಕ್ಷಿ. ಪ್ರಿನ್ಸ್‌ಟನ್ನಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಅವನು ಕೊಟ್ಟ ಮೊದಲ ಉಪನ್ಯಾಸಕ್ಕೆ ಐನ್‌ಸ್ಟೈನ್, ಪೌಲಿ, ಫಾನ್ ನಾಯ್‌ಮನ್ ಮೊದಲಾದ ಘಟಾನುಘಟಿಗಳೇ ಬಂದು ಕುಳಿತರು. ಲಕೋಟೆಯಿಂದ ಟಿಪ್ಪಣಿ ತೆಗೆಯುವಾಗ ಅವನ ಕೈ ನಡುಗುತ್ತಿತ್ತಂತೆ. ಮಾತು ಆರಂಭಿಸಿ ಗಣಿತದೊಳಕ್ಕೆ ಇಳಿದದ್ದೇ ತಡ, ಎದುರಿಗೆ ಯಾರಿದ್ದಾರೆಂಬುದೇ ಮರೆತುಹೋಯಿತು. ಭಾರವಾದ ಪೆಟ್ಟಿಗೆಯನ್ನು ನೆಲದ ಮೇಲೆ ತಳ್ಳುವವನಿಗೂ ಇದು ಗೊತ್ತು: ಅಲುಗಿಸುವ ಮೊದಲ ನೂಕಿಗೆ ಬೇಕಾದಷ್ಟು ಬಲವು, ಅಲುಗಿದ ಮೇಲೆ ನಡೆಸಿಕೊಂಡು ಹೋಗುವುದಕ್ಕೆ ಬೇಡ.

ಒಡನಾಟವನ್ನು ಕ್ರಮವಾಗಿ ಏರ್ಪಡಿಸಿದುದಕ್ಕೆ ಒಂದು ಒಳ್ಳೆಯ ಮಾದರಿಯೆಂದರೆ ಕೇಂಬ್ರಿಜ್‌ನ ಕಪಿಟ್ಸಾ ಕೂಟ. ರಷ್ಯದಿಂದ ಬಂದಿದ್ದ ಪೀಟರ್ ಕಪಿಟ್ಸಾನಿಗೆ ಅಲ್ಲಿಯ ಯುವಕರು ಸಭೆಗಳಲ್ಲಿ ಬಾಯಿಬಿಡದಿರುವುದನ್ನು ಕಂಡು ಬೇಸರವಾಯಿತು. ೧೯೨೨ರಲ್ಲಿ ಅವನು ಮಂಗಳವಾರದ ಸಂಜೆಗಳಲ್ಲಿ ಒಂದು ಸಣ್ಣ ಗುಂಪನ್ನು ತನ್ನ ಕೊಠಡಿಗೆ ಕೂಡಿಸತೊಡಗಿದನು. ಯಾರಾದರೊಬ್ಬರು ಮಾತನಾಡುವುದು, ಉಳಿದವರು ನಡುವೆಯೇ ಪ್ರಶ್ನಿಸುವುದು. ಇತರರ ಸಂಕೋಚ ಬಿಡಿಸಲೆಂದು ಕಪಿಟ್ಸಾನು ಬೇಕೆಂದೇ ಪೆದ್ದು ಪ್ರಶ್ನೆಗಳನ್ನು ಕೇಳುತ್ತಿದ್ದನಂತೆ. ಹೆಸರಾಂತವನೇ ಪೆದ್ದು ಪ್ರಶ್ನೆ ಕೇಳಿದ ಮೇಲೆ ಕಿರಿಯರಿಗೆ ಅಂಜಿಕೆಯೇಕೆ? ನಮ್ಮಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಚ್. ನರಸಿಂಹಯ್ಯನವರು ೧೯೬೨ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಮ್ಮಿನ ವಾರದ ಉಪನ್ಯಾಸಗಳೂ ಅನೇಕ ವಿದ್ಯಾರ್ಥಿಗಳಿಗೆ ಹೀಗೆ ಕುಳಿತು ಕೇಳುವ, ಎದ್ದು ಪ್ರಶ್ನಿಸುವ ಸ್ಥಳವಾದವು.

ಇಂಥ ಕೂಟವಿಲ್ಲದ ಊರಿನ ವಿದ್ಯಾರ್ಥಿ ಏನು ಮಾಡಬೇಕು? ಕಾಲವನ್ನೂ ಸ್ಥಳವನ್ನೂ ನಿಗದಿ ಮಾಡಿಕೊಳ್ಳಬೇಕು. ಸ್ನೇಹದಲ್ಲಿ ಗುಣಕ್ಕಿಂತ ಮೊದಲು ಕೆಲಸ ಮಾಡುವುದು ಸಾಮೀಪ್ಯ. ಅಮೆರಿಕದ ಎಂ.ಐ.ಟಿ.ಯಲ್ಲಿ ಮದುವೆಯಾದ ವಿದ್ಯಾರ್ಥಿಗಳ ವಸತಿಗಳನ್ನು ಪರಿಶೀಲಿಸಿ ೧೯೫೦ರಲ್ಲಿ ಪ್ರಕಟಿಸಿದ ಗ್ರಂಥವೊಂದರಂತೆ, ಪಕ್ಕದ ಬಾಗಿಲಿನವರನ್ನು ತಮ್ಮ ಗೆಳೆಯರೆಂದವರು ನೂರಕ್ಕೆ ೪೧. ಅದೇ ಮಹಡಿಯ ಇನ್ನೊಂದು ಕೊನೆಯವರನ್ನು ಹಾಗೆಂದವರು ನೂರಕ್ಕೆ ೧೦ ಮಾತ್ರ. ಆದ್ದರಿಂದ ದಿನವೂ ವಾಚನಾಲಯದ ಅದೇ ಮೇಜಿಗೆ, ಮೆಸ್ಸಿನ ಅದೇ ಪಂಕ್ತಿಗೆ, ಅದೇ ಹೊತ್ತಿಗೆ ಹೋಗುವುದು ಅರ್ಧ ಕೆಲಸ. ಮೊದಲ ವಾರ ನಮಸ್ಕಾರ, ಹೆಸರು, ಊರು. ಎರಡನೆಯ ವಾರ ನೋಟ್ಸಿನ ವಿಷಯ. ಆಮೇಲೆ ಲೆಕ್ಕವೊಂದನ್ನು ಇಬ್ಬರೂ ಕೂಡಿ ಬಿಡಿಸುವುದು. ಇಂಗ್ಲಿಷಿನ ಅಳುಕಿದ್ದವರು ಕನ್ನಡದಲ್ಲಿಯೇ ಕೇಳಲಿ. ಪ್ರಶ್ನೆಯು ಪ್ರಶ್ನೆಯೇ, ಅದನ್ನು ತಿರಸ್ಕರಿಸುವ ಅಧ್ಯಾಪಕನಿದ್ದರೆ ದೋಷವು ಅವನದು. ತರಗತಿಯಲ್ಲಿ ಕೇಳಲಾಗದಿದ್ದರೆ ಪಾಠ ಮುಗಿದ ಮೇಲೆ ಮೇಜಿನ ಬಳಿ ಹೋಗಿ ಕೇಳುವುದು ಮೊಲದ ಪಂಜರವನ್ನು ಒಂದು ಗಜ ಹತ್ತಿರ ತಂದಂತೆ.

ಬೇಗನೆ ಫಲ ಕಾಣದೆಂದು ಕಂಗೆಡಬಾರದು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕನೊಬ್ಬನು ೨೦೧೮ರಲ್ಲಿ ಮಾಡಿದ ಅಂದಾಜಿನಂತೆ, ಬರಿಯ ಪರಿಚಯವು ಸಾಧಾರಣ ಸ್ನೇಹವಾಗಲು ಸುಮಾರು ೫೦ ಗಂಟೆಗಳ ಒಡನಾಟ ಬೇಕು. ಆಪ್ತಮಿತ್ರನಾಗಲು ೨೦೦ ಗಂಟೆಗಳಿಗೂ ಮೇಲು. ದಿನಕ್ಕೆ ಅರ್ಧ ಗಂಟೆ ಕ್ಯಾಂಟೀನಿನಲ್ಲಿ ಕೂಡಿ ಕಾಫಿ ಕುಡಿದರೆ ನೂರು ದಿನಕ್ಕೆ ೫೦ ಗಂಟೆ. ಎಂದರೆ ಹತ್ತಿರಹತ್ತಿರ ಒಂದು ಸೆಮಿಸ್ಟರು. ಕೆಲಸದ ನಿಮಿತ್ತ ಒಟ್ಟಿಗೆ ಕಳೆದ ವೇಳೆ ಅಷ್ಟಾಗಿ ಫಲಿಸದೆಂದೂ, ವಿರಾಮದ ವೇಳೆಯೇ ಹೆಚ್ಚು ಫಲಿಸುವುದೆಂದೂ ಅದೇ ಅಧ್ಯಯನದಲ್ಲಿ ಕಂಡುಬಂದಿತು. ಹರಟೆಯೆಲ್ಲ ಕಾಲಹರಣವೆಂದು ಗದರುವ ಹಿರಿಯರು ಇದನ್ನು ಗಮನಿಸುವುದು ಒಳ್ಳೆಯದು.

ಇಷ್ಟು ಹೇಳಿದುದರಿಂದ ಎಲ್ಲರೂ ಬಾಯಿಬಡುಕರಾಗಬೇಕೆಂದು ನಮ್ಮ ಅಭಿಪ್ರಾಯವಲ್ಲ. ಪಾಲ್ ಡಿರಾಕನ ಮಿತಭಾಷಿತ್ವ ಎಷ್ಟು ಪ್ರಸಿದ್ಧವೆಂದರೆ, ಕೇಂಬ್ರಿಜ್‌ನ ಗೆಳೆಯರು ಗಂಟೆಗೆ ಒಂದು ಮಾತು ಎಂಬುದಕ್ಕೆ ‘ಒಂದು ಡಿರಾಕ್’ ಎಂದು ಮಾನವನ್ನೇ ಕಟ್ಟಿದ್ದರು! ೧೯೩೩ರಲ್ಲಿ ನೊಬೆಲ್ ಬಹುಮಾನ ಬಂದಾಗ ಪ್ರಚಾರಕ್ಕೆ ಅಂಜಿ ಬೇಡವೆನ್ನಲು ಹೊರಟವನಿಗೆ, ಬೇಡವೆಂದರೆ ಇನ್ನೂ ಹೆಚ್ಚು ಪ್ರಚಾರವಾದೀತೆಂದು ರುದರ್‌ಫರ್ಡನು ಎಚ್ಚರಿಸಬೇಕಾಯಿತು. ಆದರೆ ಆ ಡಿರಾಕನೂ ಕಪಿಟ್ಸಾ ಕೂಟದ ಸದಸ್ಯನೇ, ಕಪಿಟ್ಸಾನ ಗೆಳೆಯನೇ. ಸ್ವಭಾವತಃ ಮಿತಭಾಷಿಯಾಗಿರುವುದು ಬೇರೆ, ಬೇಕಾದಾಗಲೂ ಮಾತು ಹೊರಡದಿರುವುದು ಬೇರೆ.

ಕೆಲವರಲ್ಲಿ ಈ ಅಂಜಿಕೆಯು ಮಿತಿಮೀರಿ, ತಿಂಗಳುಗಟ್ಟಲೆ ತರಗತಿಗೇ ಹೋಗಲಾಗದ, ನಾಲ್ವರೆದುರು ಊಟಮಾಡಲೂ ಆಗದ ಸ್ಥಿತಿಗೆ ಮುಟ್ಟುವುದುಂಟು. ಅಂಥವರಿಗೆ ಗೆಳೆಯರ ಉಪದೇಶ ಸಾಲದು, ವೈದ್ಯರ ನೆರವು ಬೇಕು. ಅದಕ್ಕೆ ಉತ್ತಮ ಚಿಕಿತ್ಸೆಯಿದೆ. ಕೇಂದ್ರ ಸರ್ಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸೇವೆಗೆ ೧೪೪೧೬ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಂಕೋಚ ಬಿಡಿಸುತ್ತೇವೆಂಬ ನೆವದಲ್ಲಿ ಹಿರಿಯ ವಿದ್ಯಾರ್ಥಿಗಳು ನಡೆಸುವ ರ್‍ಯಾಗಿಂಗ್ ಒಡನಾಟವಲ್ಲ, ಅಪರಾಧ. ಅದು ಮೊಲವನ್ನು ತೊಡೆಯ ಮೇಲೆ ಎಸೆಯುವ ಕೆಲಸ.

ಕೊನೆಗೆ ರಜೆಯ ವಿಷಯ. ಪಳಗಿಸಿದ ಅಂಜಿಕೆಯು ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಪಾಠವೊಂದು ಕೂತಿರುತ್ತದೆ, ಅಷ್ಟೆ. ಬಿಡುವು ದೀರ್ಘವಾದರೆ ಹಳೆಯದು ತಾನಾಗಿ ತಲೆಯೆತ್ತುವುದನ್ನು ಪಾವ್ಲೋವನು ತನ್ನ ನಾಯಿಗಳಲ್ಲಿಯೇ ಕಂಡಿದ್ದನು. ಬೇಸಗೆಯ ರಜೆ ಕಳೆದು ಕಾಲೇಜಿಗೆ ಮರಳಿದ ಮೊದಲ ವಾರ ಮತ್ತೆ ಗಂಟಲು ಕಟ್ಟಿದರೆ ಕಳೆದ ವರ್ಷದ ಶ್ರಮವೆಲ್ಲ ನೀರಪಾಲಾಯಿತೆಂದು ಭಾವಿಸಬೇಕಾಗಿಲ್ಲ. ಎರಡನೆಯ ಸಲದ ಕಲಿಕೆಯು ಮೊದಲನೆಯದಕ್ಕಿಂತ ಬೇಗ ಸಾಗುತ್ತದೆ. ಅದೇ ಮೇಜಿಗೆ, ಅದೇ ಹೊತ್ತಿಗೆ, ಮೊದಲ ದಿನವೇ ಹೋಗಿ ಕುಳಿತರಾಯಿತು.